ಒರೆಸಗೊಡದ ಕಡತ

ಕಚೇರಿಯ ಫೈಲಿಗೆ ನಾವು ಕನ್ನಡದಲ್ಲಿ ಕಡತವೆನ್ನುತ್ತೇವೆ. ಈ ಮಾತು ಎಲ್ಲಿಂದ ಬಂತೆಂಬುದನ್ನು ನೆನೆಯುವವರು ಈಗ ಕಡಿಮೆ. ಹಿಂದಿನ ಕಾಲದಲ್ಲಿ ವರ್ತಕರೂ ಶಾನುಭೋಗರೂ ಮಠಗಳ ಲೆಕ್ಕಿಗರೂ ಬಳಸುತ್ತಿದ್ದ ಕಡತ ಕಾಗದದ್ದಲ್ಲ, ಬಟ್ಟೆಯದು. ಉದ್ದನೆಯ ಹತ್ತಿಬಟ್ಟೆಗೆ ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಪುಸ್ತಕದಂತೆ ಮಡಿಸಿಟ್ಟು, ಕಪ್ಪುಹಲಗೆಯಂತಾದ ಅದರ ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಈ ಬರವಣಿಗೆಯ ಸಾಧನವನ್ನು ಬೆರಗಿನಿಂದಲೇ ವರ್ಣಿಸಿದ್ದಾನೆ. ಕಡತದ ದೊಡ್ಡ ಗುಣವೆಂದರೆ ಬರೆದುದನ್ನು ಬೇಕಾದಷ್ಟು ಕಾಲ ಇಟ್ಟುಕೊಳ್ಳಬಹುದು. ಬೇಡವಾದಾಗ ಒರೆಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಬಹುದು.

ಗಣಕಯಂತ್ರದೊಳಗಿನ ಕಡತಕ್ಕೂ ಇದೇ ಗುಣವಿದೆ. ಬರೆ, ಇಡು, ಒರೆಸು, ಮತ್ತೆ ಬರೆ. ದೊಡ್ಡ ವ್ಯವಹಾರಗಳ ಗಣಕಗಳು ರಾತ್ರಿಯಿಡೀ ಮಾಡುವ ಕೆಲಸದಲ್ಲಿ ಬಹುಪಾಲು ಇಷ್ಟೇ. ಆದರೆ ಒಮ್ಮೊಮ್ಮೆ ಕಡತವೇ ಒರೆಸಗೊಡದೆ ತಡೆದು ನಿಲ್ಲುತ್ತದೆ. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ನಡೆದ ಕೆಲಸ ಒಂದು ರಾತ್ರಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಕ್ರಮವಿಧಿಯಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಆ ಕಡತದ ಬಾಗಿಲಲ್ಲಿ ಯಾರೋ ಒಬ್ಬ ಕಾವಲುಗಾರನನ್ನು ನಿಲ್ಲಿಸಿರುತ್ತಾರೆ. ಆ ಕಾವಲುಗಾರನ ಹೆಸರು ಟ್ರಿಗರ್. ಆತ ಯಾರು, ಏಕೆ ತಡೆಯುತ್ತಾನೆ, ಅವನನ್ನು ಬಳಸಿಕೊಂಡು ಹೋಗುವ ದಾರಿಗಳಾವುವು, ಆ ದಾರಿಗಳಲ್ಲಿ ನ್ಯಾಯವಾದುದು ಯಾವುದು ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ಕಡತ ಇರುವ ಮನೆಯನ್ನು ನೋಡೋಣ. ಒಂದಕ್ಕೊಂದು ಸಂಬಂಧವುಳ್ಳ ಮಾಹಿತಿಯನ್ನು ಸಾಲು ಸಾಲಾಗಿ, ಅಂಕಣ ಅಂಕಣವಾಗಿ ಜೋಡಿಸಿಟ್ಟ ಭಂಡಾರಕ್ಕೆ ದತ್ತಸಂಚಯವೆನ್ನುತ್ತಾರೆ. ರೂಢಿಯ ಮಾತಿನಲ್ಲಿ ಡೇಟಾಬೇಸ್. ಇಂದಿನ ದತ್ತಸಂಚಯಗಳ ತಾತ್ತ್ವಿಕ ಬುನಾದಿಯನ್ನು ಹಾಕಿದವನು ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್. ಅವನ ಪ್ರಸಿದ್ಧ ಲೇಖನ ಪ್ರಕಟವಾದದ್ದು 1970ರಲ್ಲಿ. ಅದೇ ಸಂಸ್ಥೆ 1988ರ ಜೂನ್ 21ರಂದು ಎಎಸ್/400 ಎಂಬ ಗಣಕವನ್ನು ಲೋಕದ ಮುಂದಿಟ್ಟಿತು. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಪಟ್ಟಣದಲ್ಲಿ ರೂಪುಗೊಂಡ ಈ ಯಂತ್ರದ ಹಿರಿಯಣ್ಣ 1978ರ ಸಿಸ್ಟಮ್/38. ಇದರ ವಿಶೇಷವೆಂದರೆ ದತ್ತಸಂಚಯವನ್ನು ಹೊರಗಿನಿಂದ ತಂದು ಕೂಡಿಸಬೇಕಾಗಿಲ್ಲ; ಗೋಡೆಯೊಳಗೇ ಕಟ್ಟಿದ ಗೂಡಿನಂತೆ ಅದು ಯಂತ್ರದ ಮೂಲವ್ಯವಸ್ಥೆಯ ಅಂಗವೇ ಆಗಿದೆ. ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಸಗಟು ವ್ಯಾಪಾರಿಗಳು, ಕಾರ್ಖಾನೆಗಳ ಉಗ್ರಾಣಗಳು ಇದನ್ನು ನೆಚ್ಚಿದವು. ಕಾಲಕಾಲಕ್ಕೆ ಹೆಸರು ಬದಲಾಯಿತು. 2008ರಿಂದ ಈಚೆಗೆ ಈ ವ್ಯವಸ್ಥೆಯನ್ನು ಐಬಿಎಂ ಐ ಎಂದು ಕರೆಯುತ್ತಾರೆ. ಹೆಸರು ಬದಲಾದರೂ ಮನೆತನ ಬದಲಾಗಲಿಲ್ಲ. 1995ರಲ್ಲಿ ಯಂತ್ರದ ಎದೆಯೇ ಆದ ಪ್ರೊಸೆಸರನ್ನು ಬೇರೊಂದು ಜಾತಿಗೆ ಬದಲಾಯಿಸಿದಾಗಲೂ ಹಳೆಯ ಕ್ರಮವಿಧಿಗಳನ್ನು ಹೊಸದಾಗಿ ಬರೆಯುವ ಸಂಕಟ ಬಹುಮಟ್ಟಿಗೆ ಬರಲಿಲ್ಲ. ಆದ್ದರಿಂದಲೇ ಎಂಬತ್ತರ ದಶಕದಲ್ಲಿ ಬರೆದ ಕ್ರಮವಿಧಿಗಳು, ಬರೆದವರು ನಿವೃತ್ತರಾದ ಮೇಲೂ, ಅಲ್ಲಲ್ಲಿ ಇಂದಿಗೂ ದುಡಿಯುತ್ತಿವೆ.

ಇನ್ನು ಒರೆಸುವ ಬಗೆ. ಕಡತವನ್ನು ಬರಿದುಮಾಡಲು ಎರಡು ವಿಧಾನಗಳಿವೆ. ಇವೆರಡರ ಭೇದವೇ ನಮ್ಮ ಕಥೆಯ ಗಂಟು. ಅಂಗಡಿಯ ಉದ್ರಿ ಲೆಕ್ಕದ ಪುಸ್ತಕವನ್ನು ಭಾವಿಸಿಕೊಳ್ಳಿ. ಒಂದೊಂದು ಸಾಲನ್ನೂ ಓದಿ, ಇಂಥವರ ಇಷ್ಟು ರೂಪಾಯಿ ಎಂದು ಗಮನಿಸಿ, ಅದರ ಮೇಲೆ ಗೀಟು ಹಾಕುತ್ತ ಹೋಗುವುದು ಒಂದು ವಿಧಾನ. ಏನನ್ನೂ ಓದದೆ ಇಡೀ ಪುಸ್ತಕವನ್ನು ಪಕ್ಕಕ್ಕೆ ಎಸೆದು, ಅದೇ ಅಳತೆಯ ಖಾಲಿ ಪುಸ್ತಕವನ್ನು ಆ ಜಾಗದಲ್ಲಿ ಇಡುವುದು ಇನ್ನೊಂದು ವಿಧಾನ. ಗಣಕದಲ್ಲಿ ಮೊದಲನೆಯದಕ್ಕೆ ಡಿಲೀಟ್, ಅಂದರೆ ಸಾಲಳಿಸುವಿಕೆ. ಎರಡನೆಯದಕ್ಕೆ ಕ್ಲಿಯರ್, ಅಂದರೆ ಬರಿದುಮಾಡುವಿಕೆ. ಎಎಸ್/400ರಲ್ಲಿ ಬರಿದುಮಾಡುವ ಆಜ್ಞೆಯ ಪೂರ್ಣ ಹೆಸರು ಕ್ಲಿಯರ್ ಫಿಸಿಕಲ್ ಫೈಲ್ ಮೆಂಬರ್. ಆ ಯಂತ್ರದವರು ಮೊದಲಕ್ಷರಗಳಿಂದ ಸಿಎಲ್ಆರ್‌ಪಿಎಫ್ಎಂ ಎನ್ನುತ್ತಾರೆ. ಸಾಲು ಹತ್ತಿರಲಿ, ಹತ್ತು ಲಕ್ಷವಿರಲಿ, ಬರಿದುಮಾಡಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಏಕೆಂದರೆ ಯಂತ್ರ ಯಾವ ಸಾಲನ್ನೂ ಮುಟ್ಟುವುದಿಲ್ಲ. ಸಾಲಳಿಸುವಿಕೆಯಾದರೋ ನಿಧಾನ. ಮೇಲಾಗಿ ಈ ಯಂತ್ರದಲ್ಲಿ ಅಳಿಸಿದ ಸಾಲಿನ ಜಾಗ ಒಡನೆಯೇ ಹಿಂದಿರುಗುವುದಿಲ್ಲ. ಇದು ಅಳಿದ ಸಾಲು ಎಂಬ ಗುರುತನ್ನು ಹೊತ್ತು ಅಲ್ಲಿಯೇ ಉಳಿದಿರುತ್ತದೆ. ರಾತ್ರಿಯ ಕೆಲಸ ಬೆಳಗಾಗುವುದರೊಳಗೆ ಮುಗಿಯಬೇಕೆಂದಿದ್ದ ಹಿಂದಿನವರು ಬರಿದುಮಾಡುವ ಆಜ್ಞೆಯನ್ನೇ ಆಯ್ದುಕೊಂಡದ್ದು ಸಹಜವೇ ಆಗಿತ್ತು.

ಇನ್ನು ಕಾವಲುಗಾರ. ಟ್ರಿಗರ್ ಎಂದರೆ ಬಂದೂಕಿನ ಕುದುರೆ. ಅದನ್ನು ಮೀಟಿದರೆ ಗುಂಡು ತಾನಾಗಿ ಹಾರುತ್ತದೆ. ದತ್ತಸಂಚಯದ ಟ್ರಿಗರೂ ಹಾಗೆಯೇ: ಈ ಕಡತಕ್ಕೆ ಯಾರಾದರೂ ಸಾಲು ಸೇರಿಸಿದರೆ, ತಿದ್ದಿದರೆ ಅಥವಾ ಅಳಿಸಿದರೆ, ಯಾರೂ ಕರೆಯದೆಯೇ ಇಂಥ ಕೆಲಸ ನಡೆಯಲಿ ಎಂದು ಕಡತಕ್ಕೆ ಕಟ್ಟಿಟ್ಟ ಕಟ್ಟಳೆ. ಈ ವಿಚಾರವನ್ನು ಕ್ರಮವಾಗಿ ವಿವೇಚಿಸಿದ ಮೊದಲಿಗರಲ್ಲಿ ಒಬ್ಬರು ಕೆ.ಪಿ. ಈಶ್ವರನ್, ಕಾಡ್ ಇದ್ದ ಪ್ರಯೋಗಾಲಯದಲ್ಲಿಯೇ ಇದ್ದು 1976ರಲ್ಲಿ ಈ ಕುರಿತು ಪ್ರಬಂಧವನ್ನು ಬರೆದರು. ಕಾಡ್‌ನ ವಿಚಾರಗಳನ್ನು ಕಾರ್ಯರೂಪಕ್ಕೆ ತರಲು ಅಲ್ಲಿ ನಡೆದ ಸಿಸ್ಟಮ್ ಆರ್ ಎಂಬ ಪ್ರಯೋಗದ ಕಾಲವದು. ಎಎಸ್/400ಕ್ಕೆ ಟ್ರಿಗರ್ ಬಂದದ್ದು 1994ರ ಆವೃತ್ತಿಯಲ್ಲಿ. ದತ್ತಸಂಚಯಗಳ ಸಾಮಾನ್ಯ ಭಾಷೆಯಾದ ಎಸ್‌ಕ್ಯೂಎಲ್‌ನ ಅಂತರರಾಷ್ಟ್ರೀಯ ಮಾನಕದಲ್ಲಿ ಅದಕ್ಕೆ ಸ್ಥಾನ ದೊರೆತದ್ದು 1999ರಲ್ಲಿ. ಈ ಇಸವಿಗಳನ್ನು ಹೇಳುವುದಕ್ಕೆ ಕಾರಣವಿದೆ. ಬರಿದುಮಾಡುವ ಆಜ್ಞೆ ಹಳೆಯದು. ಕಾವಲುಗಾರ ಅನಂತರ ಬಂದವನು. ಆಜ್ಞೆಯನ್ನು ಬರೆದವನಿಗೆ ಈ ಬಾಗಿಲಲ್ಲಿ ಮುಂದೊಂದು ದಿನ ಕಾವಲು ಬೀಳುತ್ತದೆಂದು ತಿಳಿಯುವ ಸಂಭವವೇ ಇರಲಿಲ್ಲ.

ಈಗ ಇಬ್ಬರೂ ಎದುರುಬದುರಾಗುತ್ತಾರೆ. ಟ್ರಿಗರಿಗೆ ಹೇಳಿರುವುದು, ಪ್ರತಿಯೊಂದು ಸಾಲು ಅಳಿಯುವಾಗಲೂ ಅದನ್ನು ನೋಡಿ ಬರೆದುಕೋ ಎಂದು. ಬರಿದುಮಾಡುವ ಆಜ್ಞೆಯ ರೀತಿಯೋ, ಯಾವ ಸಾಲನ್ನೂ ನೋಡದಿರುವುದು. ಎರಡನ್ನೂ ಒಟ್ಟಿಗೆ ನಡೆಸುವಂತಿಲ್ಲ. ಇಂಥ ಇಕ್ಕಟ್ಟಿನಲ್ಲಿ ವ್ಯವಸ್ಥೆಯನ್ನು ಕಟ್ಟಿದವರು ಏನು ಮಾಡಬೇಕು? ಬೇರೆಬೇರೆಯವರು ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟ್ರಂಕೇಟ್ ಎಂಬ ಆಜ್ಞೆ ಕಾವಲುಗಾರನನ್ನು ಎಬ್ಬಿಸದೆಯೇ ಬರಿದುಮಾಡಿ ಹೋಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ವ್ಯವಸ್ಥೆಯವರು 2009ರಲ್ಲಿ ಇದಕ್ಕೆಂದೇ ಬೇರೊಂದು ಬಗೆಯ ಟ್ರಿಗರನ್ನು ಕೊಟ್ಟರು. ಅದು ಸಾಲುಗಳನ್ನು ನೋಡುವುದಿಲ್ಲ, ಆದರೆ ಮನೆ ಬರಿದಾಗುತ್ತಿದೆ ಎಂಬಷ್ಟನ್ನು ಒಮ್ಮೆ ಕೂಗಿ ಹೇಳುತ್ತದೆ. ರಾಚೆಸ್ಟರಿನವರು ಮೂರನೆಯ ಉತ್ತರವನ್ನು ಆರಿಸಿಕೊಂಡರು. ಸಾಲಳಿಸುವಿಕೆಗೆ ಟ್ರಿಗರ್ ಕಟ್ಟಿರುವ ಕಡತವನ್ನು ಸಿಎಲ್ಆರ್‌ಪಿಎಫ್ಎಂ ಬರಿದುಮಾಡುವುದಿಲ್ಲ. ಆಗದು ಎಂದು ಹೇಳಿ ಕೈಕಟ್ಟಿ ನಿಲ್ಲುತ್ತದೆ. ಹಳೆಯ ಸಾಲುಗಳನ್ನು ತೆಗೆದು ಆ ಜಾಗಕ್ಕೆ ಹೊಸವನ್ನು ನಕಲುಮಾಡುವ ಆಜ್ಞೆಯೂ ಹೀಗೆಯೇ ನಿರಾಕರಿಸುತ್ತದೆ. ಇದು ಒರಟಾದ ಉತ್ತರವೆಂದು ಕಾಣಬಹುದು. ಆದರೆ ಮೂರರಲ್ಲಿ ಇದೇ ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಸಾಕ್ಷಿಯಿಲ್ಲದೆ ಅಳಿಸುವುದಿಲ್ಲ, ಸಾಕ್ಷಿಯೊಡನೆ ಅಳಿಸುವ ಶಕ್ತಿ ನನಗಿಲ್ಲ, ಆದ್ದರಿಂದ ಮನುಷ್ಯರಾದ ನೀವೇ ತೀರ್ಮಾನಿಸಿ ಎಂದು ಯಂತ್ರ ಹೇಳಿದಂತಾಯಿತು.

ಇದು ನಡೆಯುವ ರೀತಿಯನ್ನು ಒಂದು ಉದಾಹರಣೆಯಿಂದ ನೋಡೋಣ. ಅಮೆರಿಕದಲ್ಲೊಂದು ವಿಮಾ ಸಂಸ್ಥೆ ಇದೆಯೆಂದು ಇಟ್ಟುಕೊಳ್ಳಿ. ಕಂತು ಕಟ್ಟಬೇಕಾದವರ ಪಟ್ಟಿ ಅಲ್ಲೊಂದು ಕಡತದಲ್ಲಿರುತ್ತದೆ. ಪ್ರತಿರಾತ್ರಿ ಹಳೆಯ ಪಟ್ಟಿಯನ್ನು ಬರಿದುಮಾಡಿ, ಅಂದಿನ ಲೆಕ್ಕದಂತೆ ಹೊಸದನ್ನು ತುಂಬುತ್ತಾರೆ. ಅದರ ಆಧಾರದ ಮೇಲೆ ಬೆಳಿಗ್ಗೆ ಜ್ಞಾಪನಪತ್ರಗಳು ಹೊರಡುತ್ತವೆ. ವರ್ಷಗಳು ಕಳೆದ ಮೇಲೆ ಲೆಕ್ಕಪರಿಶೋಧಕರು ಬಂದು, ಪಟ್ಟಿಯಿಂದ ಯಾರ ಹೆಸರು ಯಾವಾಗ ಹೋಯಿತೆಂಬುದಕ್ಕೆ ದಾಖಲೆ ಬೇಕು ಎನ್ನುತ್ತಾರೆ. ನ್ಯಾಯವಾದ ಬೇಡಿಕೆಯೇ. ಇಲ್ಲವೇ, ಹೊಸದಾಗಿ ಕಟ್ಟಿದ ಇನ್ನೊಂದು ಗಣಕವ್ಯವಸ್ಥೆಗೆ ಈ ಪಟ್ಟಿಯ ಬದಲಾವಣೆಗಳೆಲ್ಲ ಆಗಿಂದಾಗ ಮುಟ್ಟಬೇಕಾಗಿರುತ್ತದೆ. ಹಳೆಯ ಕ್ರಮವಿಧಿಗಳನ್ನು ತಿದ್ದುವುದು ಕಷ್ಟ. ಎಷ್ಟೋ ಕಡೆ ಅವುಗಳ ಮೂಲಪಾಠವೇ ಕಳೆದುಹೋಗಿ, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪ ಉಳಿದಿರುತ್ತದೆ. ಅವುಗಳನ್ನು ಮುಟ್ಟದೆ ಕಡತಕ್ಕೆ ಒಂದು ಟ್ರಿಗರ್ ಕಟ್ಟಿದರೆ ಸಾಕೆಂದು ಜಾಣರೊಬ್ಬರು ಸೂಚಿಸುತ್ತಾರೆ. ಕಟ್ಟುತ್ತಾರೆ. ಹಗಲೆಲ್ಲ ಪರೀಕ್ಷಿಸುತ್ತಾರೆ, ಎಲ್ಲವೂ ಸರಿಯಾಗಿರುತ್ತದೆ. ರಾತ್ರಿ ಎರಡು ಗಂಟೆಗೆ ಬರಿದುಮಾಡುವ ಆಜ್ಞೆ ಬಂದಾಗ ಕೆಲಸ ನಿಲ್ಲುತ್ತದೆ.

ಆಗ ಪರದೆಯ ಮೇಲೊಂದು ಪ್ರಶ್ನೆ ಮೂಡುತ್ತದೆ. ಉತ್ತರವಾಗಿ ಯಂತ್ರ ನಾಲ್ಕು ಅಕ್ಷರಗಳನ್ನು ಕೊಡುತ್ತದೆ: ಸಿ, ಡಿ, ಐ, ಆರ್. ಸಿ ಎಂದರೆ ಕೆಲಸವನ್ನು ರದ್ದುಮಾಡು. ಡಿ ಎಂದರೆ ಯಂತ್ರದ ಆ ಹೊತ್ತಿನ ಸ್ಥಿತಿಯನ್ನೆಲ್ಲ ಬರೆದಿಟ್ಟು ರದ್ದುಮಾಡು. ಐ ಎಂದರೆ ಇದನ್ನು ಕಡೆಗಣಿಸಿ ಮುಂದೆ ಹೋಗು. ಆರ್ ಎಂದರೆ ಮತ್ತೊಮ್ಮೆ ಪ್ರಯತ್ನಿಸು. ನಿದ್ದೆಗಣ್ಣಿನ ಕೆಲಸಗಾರ ಐ ಅಕ್ಷರವನ್ನು ಒತ್ತಿದನೆನ್ನಿ. ಯಂತ್ರ ವಿಧೇಯವಾಗಿ ಮುಂದೆ ಹೋಗುತ್ತದೆ. ಹಳೆಯ ಸಾಲುಗಳು ಹಾಗೆಯೇ ಇರುತ್ತವೆ. ಅವುಗಳ ಕೆಳಗೆ ಹೊಸ ಸಾಲುಗಳು ಬಂದು ಕೂರುತ್ತವೆ. ಒಂದೇ ಸಾಲು ಎರಡು ಬಾರಿ ಬರದಂತೆ ತಡೆಯುವ ಕೀಲಿ ಕಡತಕ್ಕಿಲ್ಲದಿದ್ದರೆ, ಬೆಳಿಗ್ಗೆ ಒಬ್ಬೊಬ್ಬರಿಗೆ ಎರಡೆರಡು ಪತ್ರ ಹೊರಡುತ್ತದೆ. ನಿನ್ನೆ ಹಣ ಕಟ್ಟಿ ಮುಗಿಸಿದವರಿಗೂ ಬಾಕಿದಾರರೆಂಬ ಪತ್ರ ಹೋಗುತ್ತದೆ. ಗಂಡನನ್ನು ಕಳೆದುಕೊಂಡು, ವಿಮೆಯ ಹಣಕ್ಕಾಗಿ ಕಾದಿರುವ ಒಬ್ಬ ಹೆಂಗಸಿಗೆ ಕಂತು ಬಾಕಿಯಿದೆ ಎಂಬ ಪತ್ರ ತಲುಪಿದರೆ, ಅದು ಯಂತ್ರದ ಸಣ್ಣ ತೊಡಕೆಂದು ಅವಳಿಗೆ ಹೇಳುವವರು ಯಾರು?

ಇಂಥ ರಾತ್ರಿಗಳ ಕರೆ ಎಷ್ಟೋ ಸಲ ಬಂದು ಮುಟ್ಟುವುದು ಬೆಂಗಳೂರಿಗೆ. ಅಲ್ಲಿ ನಡುರಾತ್ರಿಯಾದಾಗ ಇಲ್ಲಿ ಹಗಲು. ಸಾಗರದಾಚೆಯ ಹಳೆಯ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಕೆಲಸ ನಮ್ಮ ಹುಡುಗ ಹುಡುಗಿಯರ ಕೈಗೆ ಬಂದು ದಶಕಗಳೇ ಆದುವು. ತಾವು ಹುಟ್ಟುವುದಕ್ಕೆ ಮುಂಚೆ, ತಾವು ಕಾಣದ ಊರಿನಲ್ಲಿ, ತಾವು ಕಾಣದ ಜನ ಬರೆದಿಟ್ಟ ಕ್ರಮವಿಧಿಯೆದುರು ಕುಳಿತು, ಬೆಳಗಾಗುವುದರೊಳಗೆ ದಾರಿ ಹುಡುಕಬೇಕಾದ ಹೊಣೆ ಅವರದು. ಅವರು ಹಿಡಿಯಬಹುದಾದ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಎಲ್ಲಕ್ಕಿಂತ ಹತ್ತಿರದ ದಾರಿ. ಟ್ರಿಗರನ್ನು ಬಿಚ್ಚಿಡುವುದು, ಕಡತವನ್ನು ಬರಿದುಮಾಡುವುದು, ಮತ್ತೆ ಟ್ರಿಗರನ್ನು ಕಟ್ಟುವುದು. ಬಿಚ್ಚುವುದಕ್ಕೂ ಕಟ್ಟುವುದಕ್ಕೂ ಆಜ್ಞೆಗಳಿವೆ. ಮೂರು ಸಾಲಿನ ಕೆಲಸ. ಆದರೆ ಹತ್ತಿರದ ದಾರಿಯಲ್ಲಿಯೇ ಹಳ್ಳವಿರುತ್ತದೆ. ಬಿಚ್ಚಿದ ಮೇಲೆ, ಕಟ್ಟುವ ಮುನ್ನ, ಬೇರಾವುದೋ ಕಾರಣದಿಂದ ಕೆಲಸ ನಿಂತುಹೋದರೆ ಕಡತ ಕಾವಲಿಲ್ಲದೆ ಉಳಿಯುತ್ತದೆ. ಕಾವಲು ಇದ್ದಾಗ ಆದ ತಡೆ ಎಲ್ಲರ ಕಣ್ಣಿಗೂ ಬಿತ್ತು. ಕಾವಲು ಇಲ್ಲದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಂತೆ ಕಾಣುತ್ತದೆ. ತಿಂಗಳಾನುಗಟ್ಟಲೆ ಕಳೆದ ಮೇಲೆ ಲೆಕ್ಕಪರಿಶೋಧಕರು ಕೇಳಿದಾಗ ಪುಸ್ತಕದ ಪುಟಗಳು ಬರಿದಾಗಿರುತ್ತವೆ. ಕೆಲಸ ಸರಿಯಾಗಿಯೇ ಮುಗಿದರೂ ಆ ರಾತ್ರಿ ಹೋದ ಸಾಲುಗಳಿಗೆ ಸಾಕ್ಷಿಯಿಲ್ಲ ಎಂಬುದು ಇನ್ನೊಂದು ಮಾತು. ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಮೊದಲಾದವುಗಳಲ್ಲಿ ಟ್ರಿಗರನ್ನು ಬಿಚ್ಚದೆ ಮಲಗಿಸಿಡುವ ಆಜ್ಞೆಗಳೂ ಇವೆ. ಮಲಗಿಸುವುದು ಸುಲಭ, ಎಬ್ಬಿಸಲು ನೆನಪಿರಬೇಕು.

ಎರಡನೆಯದು ನೇರವಾದ ದಾರಿ. ಬರಿದುಮಾಡುವ ಆಜ್ಞೆಯ ಬದಲು ಸಾಲಳಿಸುವ ಆಜ್ಞೆಯನ್ನು ಇಡುವುದು. ಆಗ ಟ್ರಿಗರ್ ಒಂದೊಂದು ಸಾಲಿಗೂ ಎದ್ದು ತನ್ನ ಕೆಲಸ ಮಾಡುತ್ತದೆ. ಯಾರಿಗೂ ಮೋಸವಿಲ್ಲ. ಆದರೆ ಹೊತ್ತು ಹಿಡಿಯುತ್ತದೆ. ಟ್ರಿಗರಿನ ಒಂದು ಕರೆಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗವೆಂದು ಹಿಡಿದರೂ ಹತ್ತು ಲಕ್ಷ ಸಾಲುಗಳಿಗೆ ಸುಮಾರು 17 ನಿಮಿಷವಾಯಿತು. ಒಂದು ರಾತ್ರಿಯಲ್ಲಿ ಬರಿದುಮಾಡಬೇಕಾದ ಕಡತಗಳು ಹಲವಾರಿದ್ದರೆ ಬೆಳಕು ಹರಿದೀತು. ಅಳಿದ ಸಾಲುಗಳು ಜಾಗ ಬಿಡುವುದಿಲ್ಲವೆಂದು ಆಗಲೇ ಹೇಳಿದೆನಷ್ಟೆ. ಹೀಗಾಗಿ ಕಡತ ರಾತ್ರಿರಾತ್ರಿಗೂ ಊದುತ್ತ ಹೋಗುತ್ತದೆ. ಅಳಿದ ಜಾಗವನ್ನೇ ಮತ್ತೆ ಬಳಸು ಎಂದು ಕಡತಕ್ಕೆ ಹೇಳಿಡಬಹುದು. ಆದರೆ ಆಗ ಹೊಸ ಸಾಲು ಯಾವ ಹಳೆಯ ಜಾಗದಲ್ಲಿ ಹೋಗಿ ಕೂರುತ್ತದೆಂಬ ನಿಯಮವಿರುವುದಿಲ್ಲ. ಬಂದ ಕ್ರಮದಲ್ಲಿಯೇ ಸಾಲುಗಳಿರುತ್ತವೆಂದು ನಂಬಿ ಬರೆದ ಹಳೆಯ ಕ್ರಮವಿಧಿಗಳು ದಾರಿತಪ್ಪುತ್ತವೆ. ಒಂದು ಎಳೆಯನ್ನು ಎಳೆದರೆ ಇನ್ನೊಂದು ಸಡಿಲವಾಗುವುದು ಹಳೆಯ ನೇಯ್ಗೆಯ ಲಕ್ಷಣ. ಇದರ ಬದಲು ಆಗಾಗ ಕಡತವನ್ನು ಒತ್ತಿ ಜೋಡಿಸುವ ಆಜ್ಞೆಯನ್ನು ಬಿಡುವಿನ ವೇಳೆಯಲ್ಲಿ ನಡೆಸುವುದು ಕ್ಷೇಮ.

ಕ್ರಮವಿಧಿಯನ್ನು ತಿದ್ದಲು ಬಂದರೆ ಈ ಮಾತು ಸರಿ. ಮೂಲಪಾಠವೇ ಇಲ್ಲದಿದ್ದರೆ? ಅಲ್ಲಿ ಮೂರನೆಯ ದಾರಿ, ಕೇಳಲು ಸ್ವಾರಸ್ಯವಾದುದು. ಈ ಯಂತ್ರದಲ್ಲಿ ಆಜ್ಞೆಗಳೂ ಕ್ರಮವಿಧಿಗಳೂ ಲೈಬ್ರರಿ ಎಂಬ ಕೋಣೆಗಳಲ್ಲಿರುತ್ತವೆ. ಕೋಣೆಯ ಹೆಸರು ಹೇಳದೆ ಒಂದು ಆಜ್ಞೆಯನ್ನು ಕರೆದರೆ ಯಂತ್ರ ಒಂದು ಪಟ್ಟಿಯನ್ನು ಹಿಡಿದು ಕೋಣೆಯಿಂದ ಕೋಣೆಗೆ ಹುಡುಕುತ್ತ ಹೋಗಿ, ಆ ಹೆಸರಿನ ಮೊದಲ ಆಜ್ಞೆಯನ್ನು ಎತ್ತಿಕೊಳ್ಳುತ್ತದೆ. ಯಂತ್ರದ ಸ್ವಂತ ಆಜ್ಞೆಗಳಿರುವ ಕೋಣೆ ಕ್ಯೂಸಿಸ್. ಅದಕ್ಕಿಂತ ಮುಂದೆ ನಮ್ಮದೊಂದು ಕೋಣೆಯನ್ನಿಟ್ಟು, ಅದರಲ್ಲಿ ಸಿಎಲ್ಆರ್‌ಪಿಎಫ್ಎಂ ಎಂಬ ಅದೇ ಹೆಸರಿನ ನಮ್ಮದೇ ಆಜ್ಞೆಯನ್ನು ಇಟ್ಟರೆ, ಹಳೆಯ ಕ್ರಮವಿಧಿ ತನಗರಿವಿಲ್ಲದೆಯೇ ನಮ್ಮ ಆಜ್ಞೆಯನ್ನು ಕರೆಯುತ್ತದೆ. ನಮ್ಮ ಆಜ್ಞೆ ಮೊದಲು ಕಡತವನ್ನು ಪರೀಕ್ಷಿಸುತ್ತದೆ. ಟ್ರಿಗರ್ ಇಲ್ಲದಿದ್ದರೆ ನಿಜವಾದ ಆಜ್ಞೆಗೆ ಕೆಲಸವನ್ನು ಒಪ್ಪಿಸುತ್ತದೆ. ಇದ್ದರೆ ಸಾಲುಸಾಲಾಗಿ ಅಳಿಸುತ್ತದೆ. ಆಜ್ಞೆಗಳನ್ನು ಹೀಗೆ ನಡುವೆ ತಡೆದು ಬದಲಿಸಲು ಯಂತ್ರವೇ ಗೊತ್ತುಮಾಡಿಕೊಟ್ಟ ಅಧಿಕೃತ ತಾಣವೂ ಒಂದುಂಟು. ಇದರಿಂದ ನೂರು ಹಳೆಯ ಕ್ರಮವಿಧಿಗಳನ್ನು ಮುಟ್ಟದೆ ಒಂದೇ ಕಡೆ ತಿದ್ದಿದಂತಾಗುತ್ತದೆ. ಆದರೆ ಇದು ವೇಷ. ವೇಷವೆಂದು ಎಲ್ಲರಿಗೂ ತಿಳಿದಿರಬೇಕು. ಇಲ್ಲಿ ಹೀಗೊಂದು ಬದಲಿ ಆಜ್ಞೆಯಿದೆ, ಇಂಥ ಕಾರಣಕ್ಕೆ ಇಟ್ಟಿದ್ದೇವೆ ಎಂದು ಬರೆದಿಡದೆ ಹೋದರೆ, ಹತ್ತು ವರ್ಷದ ಮೇಲೆ ಬರುವವನಿಗೆ ಇಂದಿನ ಟ್ರಿಗರಿಗಿಂತ ದೊಡ್ಡ ಒಗಟನ್ನು ಕಟ್ಟಿಕೊಟ್ಟಂತಾಗುತ್ತದೆ.

ನಾಲ್ಕನೆಯದು, ಸಾಕ್ಷಿಯ ಕೆಲಸವನ್ನೇ ಬೇರೆಡೆಗೆ ಒಯ್ಯುವುದು. ಬರಿದುಮಾಡುವ ಮುನ್ನ ಇಡೀ ಪಟ್ಟಿಯನ್ನು ದಿನಾಂಕದೊಡನೆ ಇನ್ನೊಂದು ಕಡತಕ್ಕೆ ನಕಲುಮಾಡಿಟ್ಟರೆ, ಟ್ರಿಗರ್ ಬರೆಯಬೇಕಾಗಿದ್ದುದೆಲ್ಲ ಅಲ್ಲಿರುತ್ತದೆ. ಆಗ ಅಳಿಸುವಿಕೆಗೆ ಕಟ್ಟಿದ ಟ್ರಿಗರನ್ನು ಎಲ್ಲರ ಒಪ್ಪಿಗೆಯಿಂದ ತೆಗೆದುಬಿಡಬಹುದು. ಈ ಯಂತ್ರದಲ್ಲಿ ಜರ್ನಲ್ ಎಂಬ ದಿನವಹಿಯೂ ಇದೆ; ಕಡತಕ್ಕೆ ಆಗುವುದನ್ನೆಲ್ಲ ಅದು ಕ್ರಮವಾಗಿ ಬರೆದುಕೊಳ್ಳುತ್ತದೆ. ಕಡತ ಬರಿದಾದರೆ ಬರಿದಾಯಿತೆಂದು ಸಿಆರ್ ಎಂಬ ಗುರುತಿನ ಒಂದು ನಮೂದು ಅದರಲ್ಲಿ ಬೀಳುತ್ತದೆ. ಯಾವ ಯಾವ ಸಾಲು ಹೋಯಿತೆಂಬುದನ್ನು ಅದು ಹೇಳದು. ಯಾವಾಗ, ಯಾವ ಕೆಲಸದಿಂದ ಬರಿದಾಯಿತೆಂಬುದನ್ನು ಹೇಳುತ್ತದೆ. ಎಷ್ಟೋ ಕಡೆ ಅಷ್ಟೇ ಸಾಕಾಗಿರುತ್ತದೆ.

ಐದನೆಯ ದಾರಿಯೊಂದು ಈಚಿನದು. ಎಸ್‌ಕ್ಯೂಎಲ್ ಭಾಷೆಯ ಮಾನಕಕ್ಕೆ 2008ರಲ್ಲಿ ಟ್ರಂಕೇಟ್ ಆಜ್ಞೆ ಸೇರಿತು. ಅನಂತರ ಐಬಿಎಂ ಐ ವ್ಯವಸ್ಥೆಗೂ ಬಂತು. ಐಬಿಎಂನವರ ಟ್ರಂಕೇಟಿನಲ್ಲಿ ಎರಡು ಮಾತುಗಳಿಗೆ ಎಡೆಯಿದೆ: ಅಳಿಸುವಿಕೆಯ ಟ್ರಿಗರುಗಳನ್ನು ಕಡೆಗಣಿಸು ಎನ್ನಬಹುದು, ಟ್ರಿಗರ್ ಇದ್ದರೆ ತಡೆ ಎಂದೂ ಹೇಳಬಹುದು. ಏನನ್ನೂ ಹೇಳದಿದ್ದರೆ ಕಡೆಗಣಿಸು ಎಂದೇ ಅರ್ಥ. ಮೌನವನ್ನು ಸಮ್ಮತಿಯೆಂದು ತಿಳಿಯುವ ಈ ನಿಯಮದಿಂದಾಗಿ, ಹಳೆಯ ಆಜ್ಞೆ ಕೈಕಟ್ಟಿ ನಿಂತಿದ್ದ ಕಡೆ ಹೊಸ ಆಜ್ಞೆ ಸದ್ದಿಲ್ಲದೆ ದಾಟಿಹೋಗುತ್ತದೆ. ಆದ್ದರಿಂದ ಇಲ್ಲಿ ವಿವೇಕಿಗಳು ತಮ್ಮ ಉದ್ದೇಶವನ್ನು ಬಾಯಿಬಿಟ್ಟು ಬರೆಯುತ್ತಾರೆ. ಓದುವವರಿಗೆ, ಇವರು ತಿಳಿದೇ ಹೀಗೆ ಮಾಡಿದ್ದಾರೆ ಎಂಬುದು ಗೊತ್ತಾಗುತ್ತದೆ.

ದಾರಿಗಳು ಇಷ್ಟಿವೆ. ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಯಂತ್ರಶಾಸ್ತ್ರ ಉತ್ತರ ಕೊಡುವುದಿಲ್ಲ. ಆ ಉತ್ತರ ಇರುವುದು ಕಡತದ ಸ್ವಭಾವದಲ್ಲಿ. ನಮ್ಮ ಹಿರಿಯರು ಯಾವುದನ್ನು ಯಾವುದರ ಮೇಲೆ ಬರೆಯಬೇಕೆಂಬ ಔಚಿತ್ಯವನ್ನು ಚೆನ್ನಾಗಿ ತಿಳಿದಿದ್ದರು. ದಿನದಿನದ ಲೆಕ್ಕಕ್ಕೆ ಕಡತ; ಭೂಮಿಯನ್ನು ದತ್ತಿ ಬಿಟ್ಟರೆ ತಾಮ್ರಪಟ ಇಲ್ಲವೇ ಕಲ್ಲು. ಬಳಪದ ಅಕ್ಷರ ಒರೆಸುವುದಕ್ಕೆ, ಉಳಿಯ ಅಕ್ಷರ ಉಳಿಯುವುದಕ್ಕೆ. ಇದನ್ನು ಅಳಿಸಬಹುದೇ ಎಂಬ ಪ್ರಶ್ನೆಗೆ ಬರೆದ ವಸ್ತುವೇ ಉತ್ತರ ಹೇಳುತ್ತಿತ್ತು. ಗಣಕದಲ್ಲಿ ಈ ಭೇದ ಅಳಿದುಹೋಗಿದೆ. ಮೂರು ನಿಮಿಷಕ್ಕೆಂದು ಇಟ್ಟುಕೊಂಡ ಕಚ್ಚಾ ಲೆಕ್ಕವೂ, ಮೂರು ತಲೆಮಾರು ನಿಲ್ಲಬೇಕಾದ ಹಕ್ಕಿನ ದಾಖಲೆಯೂ ಒಂದೇ ತಟ್ಟೆಯ ಮೇಲೆ, ಒಂದೇ ಬಗೆಯ ಗುರುತುಗಳಾಗಿ ಕುಳಿತಿರುತ್ತವೆ. ನೋಡಿದರೆ ತಿಳಿಯುವುದಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ಆದ್ದರಿಂದ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಟ್ರಿಗರ್ ಅಂಥದೊಂದು ಹೇಳಿಕೆ. ಬಳಪದ ಬರಹದ ನಡುವೆ ನಿಂತು, ಇದರಲ್ಲಿ ಉಳಿಯ ಅಕ್ಷರವೂ ಇರಬಹುದು, ನೋಡಿ ಒರೆಸಿರಿ ಎಂದು ಅದು ಹೇಳುತ್ತಿದೆ.

ಹೀಗಿರುವಾಗ ತಡೆಯನ್ನು ಕಂಡ ಕೂಡಲೇ ಅದನ್ನು ದಾಟುವ ಉಪಾಯಕ್ಕೆ ಕೈಹಾಕುವುದು ಸರಿಯಲ್ಲ. ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳಿವೆ. ಈ ಕಾವಲನ್ನು ನಿಲ್ಲಿಸಿದವರು ಯಾರು? ಈತ ಬರೆದುಕೊಳ್ಳುವುದನ್ನು ಓದುವವರು ಯಾರು? ಒಂದು ರಾತ್ರಿ ಈತ ಏನನ್ನೂ ಬರೆಯದಿದ್ದರೆ ಯಾರಿಗೆ ಹಾನಿ? ಓದುವವರು ಯಾರೂ ಇಲ್ಲ, ಎಂದೋ ಮುಗಿದ ಕೆಲಸಕ್ಕೆ ಕಟ್ಟಿ ಮರೆತದ್ದು ಎಂದು ಗೊತ್ತಾದರೆ, ಸಂಬಂಧಪಟ್ಟವರಿಗೆ ಹೇಳಿ, ಬರೆದಿಟ್ಟು, ಅದನ್ನು ತೆಗೆದುಹಾಕುವುದೇ ಸರಿ. ಮರೆತ ಕಾವಲಿಗೆ ದಿನವೂ ಸುತ್ತುಬಳಸಿ ನಡೆಯುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಗಣಕಕ್ಕೆ ಸುದ್ದಿ ಮುಟ್ಟಿಸಲು ಕಟ್ಟಿದ್ದಾದರೆ, ಬರಿದಾಯಿತೆಂಬ ಸುದ್ದಿಯನ್ನು ಆ ಗಣಕಕ್ಕೂ ಮುಟ್ಟಿಸುವ ಏರ್ಪಾಡು ಆಗಬೇಕು. ಇಲ್ಲದಿದ್ದರೆ ಒಂದೇ ಮನೆಯಲ್ಲಿ ಎರಡು ಲೆಕ್ಕದ ಪುಸ್ತಕಗಳಾಗಿ, ಒಂದರಲ್ಲಿ ಸಾಲ ತೀರಿದವನು ಇನ್ನೊಂದರಲ್ಲಿ ಸಾಲಗಾರನಾಗಿಯೇ ಉಳಿಯುತ್ತಾನೆ. ಜನರ ಹಕ್ಕುಬಾಧ್ಯತೆಗಳಿಗೆ ಸಾಕ್ಷಿಯಾಗಿ ನಿಲ್ಲಿಸಿದ್ದಾದರೆ, ಎಷ್ಟೇ ಹೊತ್ತು ಹಿಡಿಯಲಿ, ಸಾಲುಸಾಲಾಗಿ ಅದರ ಕಣ್ಣೆದುರಿಗೇ ಅಳಿಸಬೇಕು. ಇಲ್ಲವೇ ನಕಲನ್ನಿಟ್ಟು ಅಳಿಸಬೇಕು.

ಹಳೆಯ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಲೋಕದಲ್ಲಿ ಹೆಚ್ಚಿನ ಗೌರವವಿಲ್ಲ. ಹೊಸದನ್ನು ಕಟ್ಟಿದವನಿಗೆ ಹೆಸರು. ಹಳೆಯದರ ಸೂರು ಸೋರದಂತೆ ನೋಡಿಕೊಂಡವನ ಹೆಸರು ಸೋರಿದ ದಿನ ಮಾತ್ರ ಕೇಳಿಬರುತ್ತದೆ. ಆದರೂ ಈ ಕೆಲಸಕ್ಕೆ ಬೇಕಾದ ಗುಣ ಸಣ್ಣದಲ್ಲ. ಪಾಠಾಂತರಗಳನ್ನು ಕೂಡಿಸುವ ಗ್ರಂಥಸಂಪಾದಕ ಅರ್ಥವಾಗದ ಪದ ಸಿಕ್ಕಿತೆಂದು ಅದನ್ನು ಹೊಡೆದುಹಾಕುವುದಿಲ್ಲ. ಬರೆದವನಿಗೆ ಏನೋ ಕಾರಣವಿದ್ದೀತೆಂದು ನಂಬಿ ಹುಡುಕುತ್ತಾನೆ. ಹುಡುಕಿದ ಮೇಲೆ ಅದು ಲಿಪಿಕಾರನ ಪ್ರಮಾದವೆಂದು ತೇಲಿದರೆ ಧೈರ್ಯವಾಗಿ ತಿದ್ದುತ್ತಾನೆ. ತಿದ್ದಿದ್ದನ್ನು ಅಡಿಯಲ್ಲಿ ಬರೆದಿಡುತ್ತಾನೆ. ಒರೆಸಗೊಡದ ಕಡತದ ಮುಂದೆ ಕುಳಿತವನಿಗೆ ಇರಬೇಕಾದ ಮನೋಧರ್ಮವೂ ಅದೇ. ಯಂತ್ರ ಕೊಟ್ಟ ನಾಲ್ಕು ಅಕ್ಷರಗಳಲ್ಲಿ ಒಂದನ್ನು ಒತ್ತಲು ಒಂದು ಕ್ಷಣ ಸಾಕು. ಒತ್ತುವ ಮುನ್ನ, ಈ ಸಾಲುಗಳಲ್ಲಿ ಯಾರ ಯಾರ ಹೆಸರಿದೆ ಎಂದು ಒಮ್ಮೆ ತೆರೆದು ನೋಡುವಷ್ಟು ತಾಳ್ಮೆ ಇದ್ದರೆ, ಉಳಿದ ದಾರಿ ತಾನಾಗಿ ತೋರುತ್ತದೆ.